ಗಾಜಿನ ಮೇಲಿನ ಹೆಬ್ಬೆರಳು

ಹೆಬ್ರಿಯಿಂದ ಹೆಜಮಾಡಿಯವರೆಗೆ ಅಚ್ಚಿನ ಮಸಿ ಮುಟ್ಟಿದ ಯಾವ ಮನುಷ್ಯನನ್ನು ಬೇಕಾದರೂ ಕೇಳಿ ನೋಡಿ. ಕಾಪುವಿನ ಕಜೆಟನ್ನರ ಎಡಗೈ ಹೆಬ್ಬೆರಳಿನ ವಿಷಯ ಗೊತ್ತಿಲ್ಲ ಎನ್ನುವವನು ಸಿಗಲಾರ. ಆ ಬೆರಳಿಗೆ ಓದಲು ಬರುತ್ತಿತ್ತು. ಕನ್ನಡ, ಕೊಂಕಣಿ, ಇಂಗ್ಲಿಷ್ ಮೂರನ್ನೂ ಓದುತ್ತಿತ್ತು, ಅದೂ ತಲೆಕೆಳಗಾಗಿ. ೧೯೭೪ರಲ್ಲಿ ಒಬ್ಬ ವಕೀಲರ ನೋಟೀಸಿನಲ್ಲಿ ವಾದಿಯೂ ಪ್ರತಿವಾದಿಯೂ ಅದಲುಬದಲಾಗಿದ್ದುದನ್ನು ವಕೀಲರು ಕಾಣಲಿಲ್ಲ, ಅವರ ಗುಮಾಸ್ತ ಕಾಣಲಿಲ್ಲ, ಹೆಬ್ಬೆರಳು ಕಂಡಿತು. ಕಜೆಟನ್ನರು ಮಲಗಿದರೂ ಅದು ಮಾತ್ರ ನೆಟ್ಟಗೆ ನಿಂತು ಕಾವಲು ಕಾಯುತ್ತದೆಂದು ಅವರ ಹೆಂಡತಿ ಸಿಸಿಲಿಯಾ ಬಾಯಿಯೇ ಹೇಳಿದ್ದಾಗಿ ನಮ್ಮ ಪ್ರೆಸ್ಸಿನ ಕಂಪೋಸಿಟರ್ ಗಣಪ ಹೇಳುತ್ತಿದ್ದ. ಗಣಪನಿಗೆ ಸಿಸಿಲಿಯಾ ಬಾಯಿಯ ಪರಿಚಯವೇ ಇರಲಿಲ್ಲ, ಆದರೆ ಅದರಿಂದ ಮಾತಿನ ತೂಕವೇನೂ ಕಡಿಮೆಯಾಗಲಿಲ್ಲ.

ನಮ್ಮ ಪ್ರೆಸ್ಸಿನ ಕಂಪ್ಯೂಟರಿನ ಗಾಜಿನ ಮೇಲೆ ಆ ಹೆಬ್ಬೆರಳಿನ ಗುರುತು ಇನ್ನೂ ಉಂಟು. ಸ್ಪಿರಿಟ್ ಹಾಕಿ ಉಜ್ಜಿದರೂ ಹೋಗುವುದಿಲ್ಲವೆಂದು ನಾವು ಬಂದವರಿಗೆಲ್ಲ ತೋರಿಸುತ್ತೇವೆ. ಯಾರೂ ಸ್ಪಿರಿಟ್ ಹಾಕಿ ಉಜ್ಜಿಲ್ಲ. ಅದರೆದುರಿನ ಕುರ್ಚಿಯಲ್ಲಿ ಈಗ ಬೇರೆಯವರು ಕೂತಿದ್ದಾರೆ. ಕಜೆಟನ್ನರು ಕಾಪುವಿನಲ್ಲಿ, ದೀಪಸ್ತಂಭದ ಹಿಂದಿನ ತಮ್ಮ ಮನೆಯಲ್ಲಿದ್ದಾರೆ. ದಿನಕ್ಕೆ ಎರಡು ಸಲ ಕಣ್ಣಿಗೆ ಹನಿ ಹಾಕಿಸಿಕೊಳ್ಳುತ್ತಾರೆ.

ಬೆರಳಿನ ನಿಜವಾದ ಕೆಲಸ ಬಹಳ ಸಾದಾ. ಅಚ್ಚಿನ ಮೊಳೆ ಜೋಡಿಸುವವನು ಎಡಗೈಯಲ್ಲಿ ಸ್ಟಿಕ್ಕು ಎಂಬ ಸಣ್ಣ ಕಬ್ಬಿಣದ ತಟ್ಟೆ ಹಿಡಿದಿರುತ್ತಾನೆ. ಬಲಗೈ ಒಂದೊಂದೇ ಮೊಳೆ ತಂದು ಇಟ್ಟಂತೆ, ಕೊನೆಯ ಮೊಳೆ ಬೀಳದಂತೆ ಎಡ ಹೆಬ್ಬೆರಳು ಒತ್ತಿ ಹಿಡಿಯುತ್ತದೆ. ಸಾಲು ಬೆಳೆದಂತೆ ಬೆರಳೂ ಸರಿಯುತ್ತದೆ. ಕಣ್ಣು ಹಸ್ತಪ್ರತಿಯ ಮೇಲಿದ್ದರೂ ಸಾಲು ಎಲ್ಲಿಗೆ ಬಂತೆಂಬುದು ಬೆರಳಿಗೆ ಗೊತ್ತಿರುತ್ತದೆ. ಉಡುಪಿಯ ಕಲ್ಸಂಕದ ಹತ್ತಿರ ಮುದ್ದಣ್ಣ ಶೆಟ್ಟರ ಪ್ರೆಸ್ಸಿನಲ್ಲಿ ಕಜೆಟನ್ನರು ಇಪ್ಪತ್ತೆರಡು ವರ್ಷ ಹೀಗೆ ನಿಂತೇ ಕೆಲಸ ಮಾಡಿದರು. ಅವರು ಜೋಡಿಸಿದ್ದಕ್ಕೆ ಪ್ರೂಫ್ ನೋಡುವ ಅಗತ್ಯವಿಲ್ಲ ಎಂಬುದು ನಮ್ಮಲ್ಲಿ ಶಾಸನವೇ ಆಗಿತ್ತು. ಪ್ರೂಫ್ ನೋಡುವ ಸಂಬಳ ನನ್ನದು. ಈ ಶಾಸನ ನನಗೆ ಎಷ್ಟು ಇಷ್ಟವಾಗಿತ್ತೆಂದು ಬೇರೆ ಹೇಳಬೇಕಿಲ್ಲ.

೧೯೮೮ರಲ್ಲಿ ಕಂಪ್ಯೂಟರ್ ಬಂತು. ಒಳಗೆ ಕನ್ನಡ ಅಕ್ಷರ ಮೂಡಿಸುವ ಕಾರ್ಡು ಕೂಡಿಸಿದ ಎರಡು ಯಂತ್ರಗಳು. ಅವುಗಳಿಗೆ ಕೋಣೆ ಕಟ್ಟಿಸಿ, ತಂಪುಗಾಳಿಯ ಪೆಟ್ಟಿಗೆ ಹಾಕಿಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಬರೆಸಲಾಯಿತು. ಮನುಷ್ಯರು ಇಷ್ಟು ವರ್ಷ ಬೆವರಿದ ಕಟ್ಟಡದಲ್ಲಿ ಯಂತ್ರಕ್ಕೆ ಮೊದಲ ದಿನವೇ ಸೆಕೆಯಾಯಿತು. ಸೀಸದ ಮೊಳೆಗಳು ಚೀಲ ತುಂಬಿ ಗುಜರಿಗೆ ಹೋದವು. ಅವುಗಳ ಹಿಂದೆಯೇ ಗಣಪನೂ ಇನ್ನೊಬ್ಬ ಕಂಪೋಸಿಟರನೂ ಮನೆಗೆ ಹೋದರು. ಎಂಥ ಕೆಟ್ಟ ಬರವಣಿಗೆಯನ್ನೂ ಓದಬಲ್ಲರೆಂಬ ಕಾರಣಕ್ಕೆ ಕಜೆಟನ್ನರನ್ನು ಮಾತ್ರ ಉಳಿಸಿಕೊಂಡ ನಮ್ಮ ಧನಿಗಳು, ಶೆಟ್ಟರು, ಒಂದು ಷರತ್ತು ಹಾಕಿದರು.

"ಪೊರ್ಬುಗಳೇ, ಆರು ತಿಂಗಳು ನೋಡುವ. ಕೈ ಕೂತರೆ ಕುರ್ಚಿ ನಿಮ್ಮದು. ಇಲ್ಲದಿದ್ದರೆ ಮತ್ತೆ ನನ್ನನ್ನು ಬೈಲಿಕ್ಕಿಲ್ಲ." ಪೊರ್ಬು ಎಂದರೆ ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವ ಮಾತು.

ನಲವತ್ತೇಳನೆಯ ವಯಸ್ಸಿನಲ್ಲಿ, ಬದುಕಿನಲ್ಲಿ ಮೊದಲ ಬಾರಿಗೆ ಕೂತು ಕೆಲಸ ಮಾಡುವ ಭಾಗ್ಯ. ಕಜೆಟನ್ನರು ಒಂದೇ ತಿಂಗಳಲ್ಲಿ ಕೀಲಿಗಳನ್ನು ಕಲಿತರು. ಅವರನ್ನು ಸೋಲಿಸಿದ್ದು ಕೀಲಿಯಲ್ಲ, ಕರ್ಸರ್. ಮುಂದಿನ ಅಕ್ಷರ ಎಲ್ಲಿ ಬೀಳುತ್ತದೆಂದು ತೋರಿಸಲು ಪರದೆಯ ಮೇಲೆ ಒಂದು ಹಸಿರು ಗೆರೆ ಮಿಣುಕುತ್ತಿರುತ್ತದೆ. ಕತ್ತರಿಸಿದ ಉಗುರಿನಷ್ಟು ದಪ್ಪ. ಅಷ್ಟೊಂದು ಅಕ್ಷರಗಳ ನಡುವೆ ಅದು ಕಜೆಟನ್ನರಿಗೆ ಸಿಗುತ್ತಿರಲಿಲ್ಲ. ಸಿಕ್ಕಿತೆಂದು ಬಡಿದರೆ ಅಕ್ಷರಗಳು ಇನ್ನೆಲ್ಲೋ ಹುಟ್ಟುತ್ತಿದ್ದವು. ಒಮ್ಮೆ ಸಹಕಾರ ಸಂಘದ ವಾರ್ಷಿಕ ವರದಿಯ ನಡುವೆ ಆಮಂತ್ರಣ ಪತ್ರಿಕೆಯೊಂದರ ಮದುವೆ ನಡೆದು, ವಧೂವರರು ಗೊಬ್ಬರದ ದಾಸ್ತಾನಿನಲ್ಲಿ ಸಿಕ್ಕಿಬಿದ್ದರು.

ಆಗ ಮೇಲೆದ್ದು ಬಂತು ಹೆಬ್ಬೆರಳು. ಗೆರೆ ಸಿಕ್ಕ ಕೂಡಲೇ ಕಜೆಟನ್ನರು ಎಡ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತುತ್ತಿದ್ದರು. ಬಲಗೈಯಲ್ಲಿ ಟೈಪು, ಎಡ ಹೆಬ್ಬೆರಳು ಸಾಲಿನ ಜೊತೆಗೆ ಸರಿಯುವುದು. ಗಾಜು ಚಿಟಿಚಿಟಿ ಎಂದು ಚುಚ್ಚುತ್ತಿತ್ತು, ಅವರು ಬಿಡುತ್ತಿರಲಿಲ್ಲ. ನಮಗೆ ಹಬ್ಬ. ಯಂತ್ರದ ಎದೆಯನ್ನು ಮೆಟ್ಟಿ ನಿಂತ ವೀರನೆಂದು ನಾನು ವರ್ಣಿಸಿದೆ. ಗಾಜಿನೊಳಗಿನ ವಿದ್ಯುತ್ತನ್ನೇ ಬೆರಳು ಓದುತ್ತದೆಂದು ಬೈಂಡಿಂಗಿನವರು ಸೇರಿಸಿದರು. ಬೇರೆ ಪ್ರೆಸ್ಸುಗಳಿಂದ ಜನ ನೋಡಲು ಬಂದರು.

ಧನಿಗಳು ಮಾತ್ರ ನಗಲಿಲ್ಲ. "ಎಂತದು ಪೊರ್ಬುಗಳೇ, ಕಂಪ್ಯೂಟರಿಗೆ ಜ್ವರ ಉಂಟಾ ಅಂತ ನೋಡುವುದಾ? ಒಂದು ಕೈಯಲ್ಲಿ ದಿನಕ್ಕೆ ನಾಲ್ಕು ಪುಟ! ಆ ಹುಡುಗಿ ಎಂಟು ಮಾಡ್ತಾಳೆ."

ಹುಡುಗಿಯೆಂದರೆ ಪಕ್ಕದ ಯಂತ್ರದ ರತ್ನಾವತಿ, ಮಟ್ಟುವಿನವಳು. ನಾವು ಪುರಾಣ ಕಟ್ಟುತ್ತಿದ್ದಾಗ ಅವಳು ಚಹಾದ ಲೋಟವನ್ನು ಗಮನಿಸುತ್ತಿದ್ದಳು. ಕಜೆಟನ್ನರ ಎಡಗಡೆ ಇಟ್ಟ ಚಹಾ ಆರುತ್ತಿತ್ತು. ಬಲಗಡೆ ಇಟ್ಟದ್ದೂ ಆರುತ್ತಿತ್ತು. ಮೂಗಿನ ನೇರಕ್ಕೆ ಇಟ್ಟರೆ ಮಾತ್ರ ಕುಡಿಯುತ್ತಿದ್ದರು.

"ಪೊರ್ಬುಗಳೇ, ನಿಮಗೆ ಬದಿಯದ್ದು ಕಾಣುವುದಿಲ್ಲ ಅಲ್ವಾ?" ಎಂದು ಒಂದು ದಿನ ಮೆಲ್ಲನೆ ಕೇಳಿದಳು.

"ನಿನಗೆ ಯಾರು ಹೇಳಿದ್ದು?"

"ಚಹಾ."

ಅವಳ ಒತ್ತಾಯಕ್ಕೆ ಅವರು ಮಣಿಪಾಲಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಕಣ್ಣಿನೊಳಗಿನ ಒತ್ತಡದಿಂದ ನರ ಸಾಯುತ್ತಿದೆ, ನೋಟ ಸುತ್ತಲಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿದೆ, ಹೋದದ್ದು ಹೋಯಿತು, ಉಳಿದದ್ದನ್ನು ಹನಿ ಹಾಕಿ ಕಾಯಬೇಕು ಎಂದರು ಡಾಕ್ಟರು. ಕೊಳವೆಯಲ್ಲಿ ಕಣ್ಣಿಟ್ಟು ನೋಡಿದ ಹಾಗೆ ಎಂದು ಕಜೆಟನ್ನರೇ ಹೇಳಿಕೊಂಡರಂತೆ, ರತ್ನಾವತಿಗೆ ಮಾತ್ರ. ನಮಗೆ ಅವಳು ಹೇಳಿದ್ದು ಎಲ್ಲ ಮುಗಿದ ಮೇಲೆ. ಧನಿಗಳಿಗೆ ತಿಳಿದರೆ ಆರು ತಿಂಗಳು ಕಾಯುವ ಅಗತ್ಯವೇ ಇರಲಿಲ್ಲವಲ್ಲ. ಕುರುಡನಾಗುತ್ತಿರುವ ಅಕ್ಷರ ಜೋಡಕನಿಗೆ ಇಡೀ ಜಿಲ್ಲೆಯಲ್ಲಿ ಬೇರೆ ಕುರ್ಚಿ ಇರಲಿಲ್ಲ.

ಮಂಗಳೂರಿನಿಂದ ತಿಂಗಳಿಗೊಮ್ಮೆ ಯಂತ್ರ ನೋಡಲು ಬರುತ್ತಿದ್ದ ಇಂಜಿನಿಯರ್ ಫೌಸ್ಟಿನ್. ಅವನನ್ನು ರತ್ನಾವತಿ ಹಿಡಿದು ನಿಲ್ಲಿಸಿದಳು.

"ಈ ಗೆರೆಯನ್ನು ದಪ್ಪ ಮಾಡ್ಲಿಕ್ಕೆ ಆಗ್ತದಾ?"

"ಯಾಕೆ, ಸಾಕಾಗುದಿಲ್ವಾ?"

ಕಜೆಟನ್ನರು ತಿರುಗಿದರು. "ನಮ್ಮ ಕಾಪುವಿನ ದೀಪ ಹತ್ತು ಮೈಲಿ ಆಚೆಗಿನ ದೋಣಿಗೆ ಕಾಣ್ತದೆ ಮಾರಾಯ. ನಿನ್ನದು ಒಂದು ಗೇಣಿನಿಂದ ಕಾಣುವುದಿಲ್ಲ. ಇದನ್ನು ಮಾಡಿದವ ಸಮುದ್ರಕ್ಕೆ ಹೋಗದ್ದು ಪುಣ್ಯ."

ಫೌಸ್ಟಿನ್ ನಕ್ಕು, ಎರಡು ಅಂಕೆ ಬದಲಾಯಿಸಿದ. ಅಷ್ಟೇ. ಅಕ್ಷರದ ಅಡಿಯಲ್ಲಿ ಹೇಡಿಯಂತೆ ಮಲಗಿದ್ದ ಗೆರೆ ಎದ್ದು ನಿಂತು, ಒಂದಿಡೀ ಅಕ್ಷರದಷ್ಟು ದೊಡ್ಡ ಹಸಿರು ಇಟ್ಟಿಗೆಯಾಯಿತು. ಕಜೆಟನ್ನರು ಹೆಬ್ಬೆರಳನ್ನು ಗಾಜಿನಿಂದ ತೆಗೆದು ಎರಡೂ ಕೈಯಲ್ಲಿ ಬಡಿಯತೊಡಗಿದರು. ಆ ವಾರ ದಿನಕ್ಕೆ ಹತ್ತು ಪುಟ. ಧನಿಗಳು ನಮ್ಮೆಲ್ಲರ ಎದುರು ಅವರ ಬೆನ್ನು ತಟ್ಟಿದರು. ಬೆರಳು ಯಂತ್ರವನ್ನು ಪಳಗಿಸಿ ವಿಶ್ರಾಂತಿಗೆ ಹೋಯಿತೆಂದು ನಾನು ಹೊಸ ಅಧ್ಯಾಯ ಸೇರಿಸಿದೆ.

ಆದರೆ ಇಟ್ಟಿಗೆಗೆ ಒಂದು ದೋಷವಿತ್ತು. ಕರೆಂಟು ಹೋಗಿ ಬಂದರೆ ಯಂತ್ರಕ್ಕೆ ಅದು ಮರೆತುಹೋಗುತ್ತಿತ್ತು. ನಮ್ಮೂರಿನಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂದು ಬರೆಯುವಷ್ಟು ಕಾಗದ ನನ್ನಲ್ಲಿಲ್ಲ. ಪ್ರತಿ ಸಲವೂ ಫೌಸ್ಟಿನ್ ಕೊಟ್ಟ ಒಂದು ಡಿಸ್ಕನ್ನು ಹಾಕಿ, ಬರಿದಾದ ಪರದೆಯ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಆಜ್ಞೆ ಕೊಡಬೇಕು. ಆ ಮೂಲೆ ಕಜೆಟನ್ನರ ಕೊಳವೆಯ ಹೊರಗೆ. ರತ್ನಾವತಿಯೇ ಎದ್ದು ಬಂದು ಮಾಡಿಕೊಡುತ್ತಿದ್ದಳು.

"ಯಂತ್ರ ತಾನೇ ನೆನಪಿಟ್ಟುಕೊಳ್ಳುವ ಹಾಗೆ ಮಾಡಬಹುದು," ಎಂದಿದ್ದ ಫೌಸ್ಟಿನ್. "ಆದರೆ ನಮ್ಮ ಕಂಪನಿಗೆ ಧನಿಗಳ ಸಹಿ ಇರುವ ಕಾಗದ ಬೇಕು. ಕಾರಣ ಬರೆಯಬೇಕು."

"ಕಾರಣ ಎಂತ ಬರೆಯುವುದು?" ಎಂದರು ಕಜೆಟನ್ನರು.

ಫೌಸ್ಟಿನ್ ಅವರ ಕಣ್ಣು ನೋಡಿದ, ರತ್ನಾವತಿಯ ಮುಖ ನೋಡಿದ, ಬ್ಯಾಗು ಮುಚ್ಚಿದ. "ಬೇಡ ಬಿಡಿ. ಹೀಗೇ ನಡೀಲಿ."

ಆರನೆಯ ತಿಂಗಳ ಅರ್ಧದವರೆಗೆ ಹೀಗೇ ನಡೆಯಿತು. ಆಮೇಲೆ ತಂಗಿಯ ಹೆರಿಗೆಗೆಂದು ರತ್ನಾವತಿ ಎರಡು ದಿನ ರಜೆ ಹಾಕಿದಳು. ಮೊದಲ ದಿನವೇ ಕಾರ್ಕಳದಿಂದ ತುರ್ತಿನ ಕೆಲಸ ಬಂತು. ಬೇಕರಿಯ ಜೋಕಿಮ್ ತೀರಿಹೋಗಿ ತಿಂಗಳು ತುಂಬುತ್ತಿತ್ತು. ಪೂಜೆಯ ದಿನ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಹಂಚಲು ಫೋಟೋ ಮತ್ತು ಪ್ರಾರ್ಥನೆ ಇರುವ ಸ್ಮರಣೆಯ ಕಾರ್ಡು ಬೇಕು, ಕನ್ನಡ ಲಿಪಿಯ ಕೊಂಕಣಿಯಲ್ಲಿ. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಬಂದಾಗ ಇಟ್ಟಿಗೆ ಇರಲಿಲ್ಲ. ಉಗುರಿನ ಗೆರೆ ಮತ್ತೆ ಎಲ್ಲೋ ಅಡಗಿ ಮಿಣುಕುತ್ತಿತ್ತು.

ನಾನು ಮೂರು ಮಾರು ದೂರದಲ್ಲಿ ಕೂತಿದ್ದೆ. ಕರೆದಿದ್ದರೆ ಹೋಗುತ್ತಿದ್ದೆ, ಹೋಗಿ ಒಂದು ಹಾಸ್ಯವನ್ನೂ ಮಾಡುತ್ತಿದ್ದೆ. ಅದಕ್ಕೇ ಕರೆಯಲಿಲ್ಲವೇನೋ.

ಮೊಳೆಯ ಕಾಲದಲ್ಲಿ ಒಂದು ಕ್ರಮವಿತ್ತು. ಬೇಕಾದ ಮೊಳೆ ಖಾನೆಪೆಟ್ಟಿಗೆಯಲ್ಲಿ ಮುಗಿದಿದ್ದರೆ, ಸಾಲಿನ ಆ ಜಾಗದಲ್ಲಿ ಸಿಕ್ಕ ಮೊಳೆಯೊಂದನ್ನು ತಲೆಕೆಳಗಾಗಿ ನಿಲ್ಲಿಸುವುದು. ಪ್ರೂಫಿನಲ್ಲಿ ಅಲ್ಲೊಂದು ಕರಿ ಮಚ್ಚೆ ಬೀಳುತ್ತದೆ. ಕುರುಡನಿಗೂ ಕಾಣುತ್ತದೆ ಎನ್ನುತ್ತಿದ್ದೆವು. ಆಮೇಲೆ ತೆಗೆದು ಸರಿಯಾದ ಮೊಳೆ ಹಾಕುವುದು. ಕಜೆಟನ್ನರು ಅದನ್ನೇ ಮಾಡಿದರು. ಗೆರೆ ಎಲ್ಲಿದೆಯೆಂದು ತಿಳಿಯದಾಗ ಠ ಕೀಲಿಯನ್ನು ಒತ್ತಿ ಹಿಡಿದರು. ಕನ್ನಡದಲ್ಲಿ ಅದಕ್ಕಿಂತ ದುಂಡಗಿನ ಅಕ್ಷರ ಬೇರೆಲ್ಲಿದೆ? ಪರದೆಯ ಮೇಲೆ ಎಲ್ಲೋ ಠಠಠಠ ಎಂದು ಸಾಲು ಉಬ್ಬುತ್ತದೆ, ಮುಖ ತಿರುಗಿಸಿ ಹುಡುಕುವುದು, ಸಿಕ್ಕಲ್ಲಿ ಹೆಬ್ಬೆರಳು ಊರುವುದು, ಠಗಳನ್ನು ಅಳಿಸಿ ಮುಂದೆ ಬಡಿಯುವುದು. ಹಸ್ತಪ್ರತಿ ನೋಡಲು ತಲೆ ತಿರುಗಿಸಿದರೆ ಜಾಗ ತಪ್ಪುತ್ತದೆ, ಮತ್ತೆ ಠ. ಸಣ್ಣ ಕಾರ್ಡಿಗೆ ಸಂಜೆಯ ತನಕ ಹಿಡಿಯಿತು. ಒಮ್ಮೆ ಗೆರೆ ಕೊನೆಯ ಸಾಲಿನ ಬಲತುದಿಗೆ ಹೋಗಿ ಕೂತಿತ್ತು. ಠಗಳು ಅಲ್ಲಿ ಉಬ್ಬಿದವು, ಅವರಿಗೆ ಕಾಣಲಿಲ್ಲ. ಕೀಲಿ ತಾಗಲಿಲ್ಲವೆಂದುಕೊಂಡು, ಗೆರೆಯನ್ನು ಮೇಲಿನಿಂದ ಹೊಸದಾಗಿ ತಂದರು.

ಕಜೆಟನ್ನರ ಕೆಲಸ, ಮೇಲಾಗಿ ಕೊಂಕಣಿ. ನಾನು ಓದದೆ ಸಹಿ ಹಾಕಿದೆ. ಇನ್ನೂರು ಕಾರ್ಡು ಅಚ್ಚಾಗಿ ಕಾರ್ಕಳಕ್ಕೆ ಹೋದವು.

ಸೋಮವಾರ ಬೆಳಿಗ್ಗೆ ಕಪ್ಪು ಸೀರೆಯ ಒಬ್ಬ ಹೆಂಗಸು ಬಂದು ಧನಿಗಳ ಮೇಜಿನ ಮೇಲೆ ಒಂದು ಕಾರ್ಡು ಇಟ್ಟರು. ಜೋಕಿಮರ ವಿಧವೆ, ಕಾನ್ಸೆಪ್ಟಾ ಬಾಯಿ. ಕಾರ್ಡಿನ ಕೊನೆಯಲ್ಲಿ ದುಃಖತಪ್ತರ ಹೆಸರಿರಬೇಕಾದಲ್ಲಿ 'ಪತ್ನಿ ಕಾನ್ಸೆಪ್ಟಾ' ಎಂದಿತ್ತು. ಅದರ ಪಕ್ಕದಲ್ಲಿ ಸಾಲಾಗಿ ಹನ್ನೊಂದು ಠಗಳು, ಸಾವಿನ ಮನೆಯ ಬೆಂಚಿನ ಮೇಲೆ ಕೂತವರ ಹಾಗೆ.

ಅಂದು ನಮ್ಮ ಪ್ರೆಸ್ಸು ತೋರಿಸಿದ ಒಗ್ಗಟ್ಟು ಹಿಂದೆ ಕಂಡಿರಲಿಲ್ಲ. ತಿಂಗಳ ಭೇಟಿಗೆ ಬಂದಿದ್ದ ಫೌಸ್ಟಿನ್ ಯಾರೂ ಕೇಳುವ ಮೊದಲೇ, "ಇದು ಯಂತ್ರದ್ದೇ ದೋಷ, ಕರೆಂಟು ಹೋಗಿ ಬಂದಾಗ ಹೀಗಾಗ್ತದೆ, ನಾನು ಬರೆದು ಕೊಡ್ತೇನೆ," ಎಂದ. ನಾನು ಹೌದು ಹೌದು ಎಂದೆ. ರಜೆಯಿಂದ ಮರಳಿದ್ದ ರತ್ನಾವತಿಯೂ ಹೂಂ ಎಂದಳು. ಧನಿಗಳಂತೂ ಎದ್ದು ನಿಂತೇ ವಾದಿಸಿದರು.

"ಬಾಯಿ, ಇವರು ಯಾರು ಗೊತ್ತುಂಟಾ? ಕಜೆಟನ್. ಇಪ್ಪತ್ತೆರಡು ವರ್ಷ ಇವರ ಹೆಬ್ಬೆರಳು ಒಂದು ತಪ್ಪು ಮಾಡಿದ್ದಿಲ್ಲ. ಬೆರಳಲ್ಲೇ ಓದ್ತಾರೆ ಇವರು! ಯಂತ್ರಕ್ಕೆ ತಲೆ ಕೆಟ್ಟರೆ ಮನುಷ್ಯ ಎಂತ ಮಾಡ್ಲಿಕ್ಕೆ ಆಗ್ತದೆ? ಇವತ್ತೇ ಹೊಸತು ಮಾಡಿ ಕೊಡುವ."

ಕಜೆಟನ್ನರು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಆರು ತಿಂಗಳು ತುಂಬಲು ಇನ್ನು ಒಂಬತ್ತು ದಿನ.

ಕಾನ್ಸೆಪ್ಟಾ ಬಾಯಿ ಧನಿಗಳ ಕಡೆ ನೋಡಲೇ ಇಲ್ಲ. ತಮ್ಮವರೇ ಆದ ಕಜೆಟನ್ನರೊಡನೆ ಕೊಂಕಣಿಯಲ್ಲಿ ಮಾತಾಡಬಹುದಿತ್ತು. ಎಲ್ಲರಿಗೂ ಕೇಳಲೆಂದೋ ಏನೋ, ಕನ್ನಡದಲ್ಲೇ ಕೇಳಿದರು.

"ನೀವು ಹೇಳಿ. ನನಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ಇಗರ್ಜಿಯಲ್ಲಿ ಒಂದು ಮುದುಕಿ ಕಾರ್ಡು ಹಿಡಿದುಕೊಂಡು ಬಂದು ಕೇಳಿದಳು, ಬಾಯಿ, ನಿನ್ನ ಬದಿಯಲ್ಲಿ ಇರುವ ಇವರೆಲ್ಲ ಯಾರು ಅಂತ. ನಾನು ಎಂತ ಹೇಳಬೇಕಿತ್ತು? ಇವರು ಯಾರು?"

ಕಜೆಟನ್ನರು ಕಾರ್ಡನ್ನು ಮೂಗಿನ ನೇರಕ್ಕೆ ತಂದು, ಸ್ವಲ್ಪ ಸ್ವಲ್ಪವೇ ಬಲಕ್ಕೆ ಸರಿಸಿ ಕೊನೆಯ ಸಾಲನ್ನು ಹುಡುಕಿದರು. ಸಿಕ್ಕಲ್ಲಿ ಹೆಬ್ಬೆರಳು ಇಟ್ಟರು.

"ಯಾರೂ ಅಲ್ಲ ಬಾಯಿ," ಎಂದರು. "ನನಗೆ ಕಣ್ಣು ಕಾಣುವುದಿಲ್ಲ. ಗುರುತಿಗೆ ಹಾಕಿದ್ದೆ, ತೆಗೀಲಿಕ್ಕೆ ಬಿಟ್ಟುಹೋಯ್ತು."