ರೇಣವ್ವನ ಅಳತೆಯ ಹಿಟ್ಟು

ನಮ್ಮ ಚಾಳಿನಲ್ಲಿ ಜಾಣೆ ಎಂದರೆ ರೇಣವ್ವ. ಹೊಟ್ಟೆಕಿಚ್ಚಿನಿಂದ ಈ ಮಾತು ಹೇಳುತ್ತಿಲ್ಲ. ಪಡಬೇಕಾದ ಹೊಟ್ಟೆಕಿಚ್ಚನ್ನೆಲ್ಲ ಆಗಲೇ ಪಟ್ಟು ಮುಗಿಸಿದ್ದೇನೆ. ಅವಳ ಗಂಡ ಸೋಮಪ್ಪ ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಪಗಾರಾದ ಮರುದಿನ ಗಂಡಹೆಂಡತಿ ದುರ್ಗದಬೈಲಿನ ಪೇಟೆಗೆ ಹೋಗಿ ಜೋಳ, ಬೇಳೆ, ಎಣ್ಣೆ, ಬೆಲ್ಲ, ಚಹಾಪುಡಿ ತಂದರೆ ಮುಗಿಯಿತು. ಮುಂದಿನ ಪಗಾರದವರೆಗೆ ಆ ಮನೆಗೆ ಒಂದು ಚಿಟಿಕೆ ಸಾಸಿವೆ ಕೂಡ ಹೊಸದಾಗಿ ಬರುತ್ತಿರಲಿಲ್ಲ. ಸೇರು ಹೋಗಿ ಕಿಲೋ ಬಂದಾಗ ನಾವೆಲ್ಲ ಅಂಗಡಿಯವನ ಮೇಲೆ ಹರಿಹಾಯುತ್ತಿದ್ದೆವು. ಅವಳು ಮಾತ್ರ ತಂದದ್ದನ್ನು ಮನೆಯ ಬಟ್ಟಲಲ್ಲಿ ಅಳೆದು ನೋಡಿ ಸುಮ್ಮನೆ ಹೊಸ ಲೆಕ್ಕ ಕೂಡಿಸಿಕೊಂಡಳು.

“ರೇಣವ್ವನ್ನ ನೋಡಿ ಕಲಿ” ಎಂದು ನನ್ನ ಗಂಡ ತಿಂಗಳ ಕೊನೆಗೆ ಹೇಳುವುದು, “ಹಂಗಾರ ಅಕಿ ಕಡೆನ ಉಣ್ಣಾಕ ಹೋಗ್ರಿ, ಎಷ್ಟ ನೀಡ್ತಾಳ ನೋಡ್ಕೊಂಡ ಬರ್ರಿ” ಎಂದು ನಾನು ತಿರುಗಿಸಿ ಕೊಡುವುದು, ಇದು ನಮ್ಮ ಮನೆಯ ವಾಡಿಕೆ. ಚುಚ್ಚುವುದಕ್ಕೆಂದೇ ಆಡಿದ ಮಾತು. ಖರೇ ಆಗಲಿ ಎಂದು ಆಡಿದ್ದಲ್ಲ.

ಅವಳು ಹಾಗಾಗುವುದಕ್ಕೂ ಕಾರಣವಿತ್ತು. ಮದುವೆಯಾಗಿ ಬಂದ ವರ್ಷ ಹಿಟ್ಟು ಸಾಲದೆ ಚಾಳಿನ ಹಿರಿಯಳೊಬ್ಬಳ ಹತ್ತಿರ ಒಂದು ಬಟ್ಟಲು ಕಡ ಇಸಿದುಕೊಂಡಿದ್ದಳು. ಆ ಪುಣ್ಯಾತ್ಗಿತ್ತಿ ಮರುದಿನ ನಳದ ಮುಂದೆ ನಿಂತು, “ಹೆಸರಿಗೆ ಪಗಾರದ ಮನಿ, ರೊಟ್ಟಿ ನಮ್ಮ ಹಿಟ್ಟಿಂದು” ಎಂದು ಎಲ್ಲರೆದುರು ಆಡಿಕೊಂಡಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆವತ್ತಿನಿಂದ ರೇಣವ್ವ ಬಟ್ಟಲು ಹಿಡಿದು ಯಾರ ಹೊಸ್ತಿಲನ್ನೂ ತುಳಿಯಲಿಲ್ಲ.

ಅರವತ್ನಾಲ್ಕರಲ್ಲಿ ಅವಳ ಮೈದುನ ಲಕ್ಕಪ್ಪನಿಗೆ ಇಲ್ಲಿನ ಬಟ್ಟೆ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅತ್ತೆ ಮುದಕವ್ವ ಹಳ್ಳಿಯಿಂದ ಅವನನ್ನು ತಾನೇ ಕರೆತಂದು ಬಿಟ್ಟಳು. ಎತ್ತರದ ಆಳು, ಮಾತು ಮಾತ್ರ ತೂಗಿ ಕೊಟ್ಟಂತೆ ಕಡಿಮೆ. ಹೊರಡುವಾಗ ಮುದಕವ್ವ ಸೊಸೆಯ ಕೈ ಹಿಡಿದು, “ರೇಣವ್ವಾ, ಇದು ಬಾಯಿ ಬಿಟ್ಟ ಬೇಡೂ ಮಗಾ ಅಲ್ಲ. ನೀನ ನೋಡಕೋತ ನೀಡವಾ. ಅಣ್ಣತಮ್ಮರು ಒಂದ ಒಲೀದ ಉಂಡಕೊಂಡ ಇರಲಿ, ಅಷ್ಟ ಸಾಕು ನನಗ” ಎಂದಳು. “ಚಿಂತಿ ಮಾಡಬ್ಯಾಡ್ರಿ ಅತ್ತಿ” ಎಂದಳು ರೇಣವ್ವ. ಮನಸ್ಸಿನಿಂದಲೇ ಅಂದಳು. ಅವನ ಅಂಗಿಯ ಎಣ್ಣೆಕಲೆ ಹೋಗುವ ತನಕ ತಿಕ್ಕುವಳು, ಅವನು ಪಾಳಿ ಮುಗಿಸಿ ಬರುವ ತನಕ ತಾನೂ ಉಣ್ಣದೆ ಕೂತಿರುವಳು. ಆ ಜೀವಕ್ಕೆ ಪ್ರೀತಿಯ ಕೊರತೆ ಇರಲಿಲ್ಲ.

ಆದರೆ ಆ ವರ್ಷ ಜೋಳದ ಧಾರಣೆ ಕೈಗೆ ಸಿಗದ ಹಾಗೆ ಏರಿತು. ನಾವು ಬೈಯುತ್ತ ಬೈಯುತ್ತ ಹೆಚ್ಚು ರೊಕ್ಕ ಕೊಟ್ಟೆವು. ರೇಣವ್ವ ಕಿರಾಣಿಗೆ ತೆಗೆದಿಟ್ಟ ರೊಕ್ಕವನ್ನು ಒಂದು ಪೈಸೆಯೂ ಏರಿಸಲಿಲ್ಲ. ಬಟ್ಟಲಿನ ತಲೆ ಸವರಿ ಹಿಟ್ಟು ತೆಗೆದಳು.

ನಮ್ಮ ಕಡೆ ಉಣ್ಣಲು ಕೂತವನನ್ನು ಎಷ್ಟು ರೊಟ್ಟಿ ಬೇಕೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಎದ್ದು ಹೋಗು ಅಂದಂತೆ. ಉಣ್ಣುವವನು ಸಾಕೆನ್ನುವ ತನಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇರಬೇಕು. ಆ ಬಡಿತ ಕೇಳುತ್ತಿದ್ದರೆ ಇನ್ನೊಂದು ಬರುತ್ತದೆಂದು ಅವನಿಗೂ ಧೈರ್ಯ. ನನ್ನ ಒಲೆಗೂ ರೇಣವ್ವನ ಒಲೆಗೂ ನಡುವೆ ಒಂದೇ ಗೋಡೆ. ಅವಳ ಬಡಿತ ಮೂರನೆಯ ರೊಟ್ಟಿಗೆ ತಾನಾಗಿಯೇ ನಿಲ್ಲುತ್ತಿತ್ತು. ನಾದುವ ಕೊಣಮಿಗೆಯಲ್ಲಿ ಹಿಟ್ಟು ಮುಗಿದ ಮೇಲೆ, “ಸಾಕಾತೇನೋ ಲಕ್ಕಪ್ಪಾ?” ಎಂದು ಕೇಳುವಳು. “ಸಾಕಾತ್ರಿ ವೈನಿ, ಹೊಟ್ಟಿ ತುಂಬೇತಿ” ಎಂದು ಅತ್ತಿಗೆಗೆ ಹೇಳಿ ಅವನು ತಾಟಿನಲ್ಲೇ ಕೈ ತೊಳೆಯುವನು. ಅವಳು ಅದನ್ನು ನಂಬಿದಳು. ದಿನವಿಡೀ ಗಿರಣಿಯಲ್ಲಿ ನಿಂತು ಬಂದ ಹರೆಯದ ಗಂಡಸಿಗೆ ಮೂರು ರೊಟ್ಟಿ ಎಲ್ಲಿ ಸಾಕಾಗುತ್ತದೆ? ಲೆಕ್ಕ ಬಲ್ಲವಳಿಗೆ ಅಷ್ಟು ತಿಳಿಯಬಾರದೇ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಯುಗಾದಿ ಆದ ಮೇಲೆ ಲಕ್ಕಪ್ಪ ಗಿರಣಿಯ ಗೆಳೆಯರ ಖೋಲಿಗೆ ಹೋಗಿಬಿಟ್ಟ. “ಪಾಳಿ ಬದಲಾಗೇತ್ರಿ ವೈನಿ. ಅಲ್ಲೆ ಶಾಂತಯ್ಯನ ಖಾನಾವಳಿ ಸಮೀಪ ಆಕ್ಕೇತಿ” ಎಂದ. ರೇಣವ್ವ ನನ್ನ ಮುಂದೆ ಕೂತು ಅತ್ತಳು. “ಸಿನಿಮಾ, ಗೆಳ್ಯಾರು ಸಿಕ್ಕರು. ನನ್ನ ಕೈ ರೊಟ್ಟಿ ಬ್ಯಾಡಾತು” ಎಂದಳು.

ಒಂದು ದಿನ ಸೋಮಪ್ಪ ತಮ್ಮನನ್ನು ಕಾಣಲು ಆ ಖಾನಾವಳಿಗೇ ಹೋದ. ಮರಳಿ ಬಂದವನು ಟೊಪ್ಪಿಗೆ ಕೂಡ ತೆಗೆಯದೆ ಕಟ್ಟೆಯ ಮೇಲೆ ಕೂತ. ನಾನೂ ರೇಣವ್ವನೂ ಅಲ್ಲೇ ಕಾಳು ಆರಿಸುತ್ತಿದ್ದೆವು.

“ಉಣ್ಣಾಕತ್ತಿದ್ದ” ಎಂದ. “ಬಾಗಲದಾಗ ನಿಂತ ನೋಡಿದೆ. ಆರು ರೊಟ್ಟಿ ತಿಂದ. ಏಳನೇದಕ್ಕ ಕೈ ಚಾಚಿದ್ದ. ಅಷ್ಟರಾಗ ನಾ ಅವಂಗ ಕಂಡೆ. ಸಾಕಾತು ಅಂದು ಕೈ ತೊಳಕೊಂಡ.”

ರೇಣವ್ವ ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮುಂದೆ ಕೂತವಳು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ.

ಮುಂದೆ ನಾಗರಪಂಚಮಿಗೆ ಅವನನ್ನು ಊಟಕ್ಕೆ ಕರೆಸಿದಳು. ತಿಂಗಳ ನಡುವೆ, ಒಬ್ಬಳೇ, ದುರ್ಗದಬೈಲಿಗೆ ಹೋಗಿ ಜೋಳ, ಬದನೆಕಾಯಿ, ಬೆಣ್ಣೆ, ಉಂಡಿಗೆಂದು ಬೆಲ್ಲ ತಂದಳು. ಚಾಳಿನ ಹೆಂಗಸರು ಬಾಯಿ ತೆರೆದು ನೋಡಿದರು. ಆವತ್ತು ಬಟ್ಟಲು ಮುಟ್ಟದೆ, ಬೊಗಸೆಯಿಂದ ಹಿಟ್ಟು ಸುರಿದುಕೊಂಡಳು. ಗೋಡೆಯಾಚೆಯ ಬಡಿತ ನಿಲ್ಲಲೊಲ್ಲದು. ಆದರೆ ಲಕ್ಕಪ್ಪ ಎರಡು ರೊಟ್ಟಿಗೇ ತಾಟಿನ ಮೇಲೆ ಕೈ ಅಡ್ಡ ಹಿಡಿದ.

“ನನ್ನ ಆಣಿ ಐತಿ, ಇನ್ನೊಂದ ತಿನ್ನೋ.”

“ಖರೇನ ಒಲ್ಲೆರಿ ವೈನಿ. ಜಾಗಾ ಇಲ್ಲ” ಎಂದು ನಕ್ಕ.

ದಸರೆಗೂ ಹಾಗೇ, ದೀಪಾವಳಿಗೂ ಹಾಗೇ. ಉಳಿದ ರೊಟ್ಟಿಯನ್ನು ನಮ್ಮ ಮನೆಗೆ ಕೊಟ್ಟು ಹೋಗುವಳು. “ನನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ ಸಾವಕ್ಕಾ, ಒಂದ ದಿನ ಹೋಗತೈತಿ” ಎಂದು ನನಗೇ ಸಮಾಧಾನ ಹೇಳುವಳು. ಅದೇ ಆಸೆಯಲ್ಲಿ ಹಬ್ಬ ಬರುವುದನ್ನು ಕಾಯುವಳು.

ಸಂಕ್ರಾಂತಿ ಕಳೆದು ನಾವಿಬ್ಬರೂ ಕಾಯಿಪಲ್ಲೆಗೆ ಹೋದಾಗ ಖಾನಾವಳಿಯ ಶಾಂತಯ್ಯ ಸಿಕ್ಕ. ಒಳ್ಳೆಯ ಮನುಷ್ಯ, ನಗಿಸಬೇಕೆಂದೇ ಮಾತು ತೆಗೆದ.

“ನಿಮ್ಮ ಮೈದುನ ಹಬ್ಬದ ದಿನಾನೂ ನಮ್ಮನ್ನ ಬಿಡೂದಿಲ್ರಿ ಯವ್ವಾ. ವೈನಿ ಕಡೆ ಊಟಕ್ಕ ಹೊಂಟೇನಿ, ಲಗೂ ನೀಡ್ರಿ ಅಂತಾನ. ಊಟಕ್ಕ ಹೊಂಟಾಂವ ಇಲ್ಲ್ಯಾಕ ಉಣತೀಯೋ ಅಂದ್ರ, ಅವರದು ಎಲ್ಲಾ ಅಳತೀ ಮನಿರಿ, ನಾ ಹಸದ ಹೋದ್ರ ವೈನೀಗೆ ತಿಂಗಳಾ ಪೂರಾ ತ್ರಾಸ ಆಕ್ಕೇತಿ ಅಂತಾನ.”

ಶಾಂತಯ್ಯ ನಗುತ್ತ ಹೋದ. ರೇಣವ್ವ ಚೀಲ ಕೆಳಗಿಟ್ಟು, ಆ ಗದ್ದಲದ ನಡುವೆಯೇ ಕೂತುಬಿಟ್ಟಳು. ನಾನು ಎಬ್ಬಿಸಲು ಹೋದರೆ ಕೈ ಕೊಸರಿಕೊಂಡಳು.

“ಸಿಟ್ಟಿಲೆ ಉಣವಲ್ಲ ಅಂದ್ಕೊಂಡಿದ್ದೆ ಸಾವಕ್ಕಾ. ಸಿಟ್ಟಾಗಿದ್ರ ಕಾಲಾದ್ರೂ ಹಿಡೀತಿದ್ದೆ, ಕೈಯಾದ್ರೂ ಮುಗೀತಿದ್ದೆ” ಎಂದಳು. “ಅಂವಾ ನನ್ನ ಮ್ಯಾಲಿನ ಅಂತಃಕರಣಕ್ಕ ಉಂಡ ಬರಾಕತ್ತಾನ. ಇದಕ್ಕ ನಾ ಏನ ಮಾಡ್ಲಿ?”