ಕಿವಿಹಣ್ಣಿನ ಕೋಣೆಯಲ್ಲಿ ಹಲಸು

ನಿವೃತ್ತಿಗೆ ಮುಂಚಿನ ವರ್ಷ ನಾನು ದೋಹಾದ ಹಣ್ಣು ಆಮದು ಸಂಸ್ಥೆಯೊಂದರಲ್ಲಿ ಕ್ವಾಲಿಟಿ ಸೂಪರ್‌ವೈಸರ್ ಆಗಿದ್ದೆ. ನ್ಯೂಜಿಲೆಂಡಿನಿಂದ ಹಡಗಿನಲ್ಲಿ ಬರುವ ಕಿವಿಹಣ್ಣನ್ನು ಸೊನ್ನೆ ಡಿಗ್ರಿಯ ಕೋಣೆಯಲ್ಲಿಟ್ಟು, ಗಟ್ಟಿಯಾಗಿರುವಾಗಲೇ ಅಂಗಡಿಗಳಿಗೆ ಕಳಿಸುವುದು ನಮ್ಮ ಕೆಲಸ.

ಜುಲೈ ಕೊನೆಯ ಗುರುವಾರ ಬೆಳಿಗ್ಗೆ ಲುಸೈಲ್‌ನ ಸೂಪರ್‌ಮಾರ್ಕೆಟ್‌ಗೆ ಹೋಗಬೇಕಿದ್ದ ಹಣ್ಣನ್ನು ಪೆನೆಟ್ರೋಮೀಟರ್‌ನಿಂದ ಚುಚ್ಚಿ ನೋಡಿದೆ. ಹಣ್ಣಿನ ಗಟ್ಟಿತನ ಅಳೆಯುವ ಸಾಧನ ಅದು. ಆರು ತೋರಿಸಬೇಕಾದ ಮುಳ್ಳು ಮೂರರಲ್ಲಿ ನಿಂತಿತು. ಇಪ್ಪತ್ತು ಹಣ್ಣು ಚುಚ್ಚಿದೆ. ಎಲ್ಲವೂ ಅಷ್ಟೇ.

ಸ್ಟೋರ್‌ಕೀಪರ್ ಸದಾನಂದ ಕೋಣೆಯ ಬಾಗಿಲು ತೆರೆದಿಟ್ಟಿದ್ದಾನೆ ಎಂದು ಮ್ಯಾನೇಜರ್ ಆಗಲೇ ತೀರ್ಮಾನಿಸಿದ್ದರು. ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಅವನನ್ನು ಊರಿಗೆ ಕಳಿಸುವುದಾಗಿ ಹೇಳಿದರು. ಸದಾನಂದ ಪುತ್ತೂರಿನವನು, ಒಂಬತ್ತು ವರ್ಷದ ನೌಕರ. ಅವನ ತಾಪಮಾನದ ಪುಸ್ತಕ ನೋಡಿದೆ. ಗಂಟೆಗೊಂದು ಸಹಿ, ಒಂದು ಡಿಗ್ರಿಯೂ ಏರಿರಲಿಲ್ಲ. ಬಾಗಿಲಿನ ತಪ್ಪಲ್ಲ.

ಉಳಿದದ್ದು ಎಥಿಲೀನ್, ಮಾಗುವ ಹಣ್ಣುಗಳು ಬಿಡುವ ಅನಿಲ. ಅದು ಚೂರು ತಗುಲಿದರೂ ಸಾಕು, ಕಿವಿಹಣ್ಣು ಚಳಿಯಲ್ಲೂ ಮೆತ್ತಗಾಗುತ್ತದೆ. ಕೋಣೆಯಲ್ಲಿ ಬೇರೆ ಸರಕು ಇದೆಯೇ ಎಂದು ಸದಾನಂದನನ್ನು ಮೂರು ಸಲ ಕೇಳಿದೆ. ಮೂರು ಸಲವೂ ಇಲ್ಲವೆಂದ. ಸರಕಿನ ರಿಜಿಸ್ಟರ್ ಕೂಡ ಇಲ್ಲವೆಂದಿತು.

ತಾಳ್ಮೆ ಕೆಟ್ಟು ಜಾಕೆಟ್ ಹಾಕಿಕೊಂಡು ನಾನೇ ಒಳಗೆ ಹೋದೆ. ಪೆಟ್ಟಿಗೆ ಪೇರಿಸಿದ ಪ್ಯಾಲೆಟ್‌ಗಳನ್ನು ಸದಾನಂದನಿಂದಲೇ ಒಂದೊಂದಾಗಿ ಪಕ್ಕಕ್ಕೆ ಎಳೆಸಿದೆ. ಹಿಂದಿನ ಮೂಲೆಯಲ್ಲಿ ಟಾರ್ಪಾಲಿನಡಿ ಹನ್ನೆರಡು ಹಲಸಿನ ಹಣ್ಣು. ಶುಕ್ರವಾರ ನಮ್ಮ ತುಳುವರು ಸೇರಿ ಮಾಡುವ ಆಟಿ ತಿಂಗಳ ಊಟಕ್ಕೆಂದು ಹಿಂದಿನ ವಾರವೇ ವಿಮಾನದಲ್ಲಿ ತರಿಸಿದ್ದು.

"ಇದೆಂತದು ಸದಾನಂದ?"

"ಅದು ಸರಕಲ್ಲ ಸರ್, ನಮ್ಮ ಹಲಸಲ್ವಾ? ಹೊರಗೆ ಇಟ್ರೆ ಈ ಸೆಖೆಗೆ ಬೆಂದು ಹೋಗ್ತಿತ್ತು."

"ಬರೆಯಲಿಕ್ಕೆ ಏನಾಗಿತ್ತು ಮಾರಾಯ?"

"ಇನ್‌ವಾಯ್ಸ್ ಇಲ್ಲದ್ದನ್ನು ಬರೀಬಾರ್ದು ಅಂತ ನೀವೇ ಹೇಳಿದ್ದಲ್ವಾ ಸರ್."

ಹೇಳಿದ್ದು ಹೌದು. ಗೋಡೆಯ ಮೇಲೆ ನನ್ನದೇ ಸಹಿಯೊಂದಿಗೆ ಅಂಟಿಸಿಯೂ ಇತ್ತು.

ವರದಿಯಲ್ಲಿ ಹಲಸನ್ನೂ ಬರೆದೆ, ನನ್ನ ನಿಯಮವನ್ನೂ ಬರೆದೆ. ಮ್ಯಾನೇಜರ್ ಎರಡು ಸಲ ಓದಿ, ಹಲಸು ಎಂದರೆ ಎಷ್ಟು ದೊಡ್ಡದು ಎಂದು ಕೇಳಿದರು. ಕೈಯಗಲಿಸಿ ತೋರಿಸಿದೆ. ಅಷ್ಟು ದೊಡ್ಡದು ನಿಮ್ಮ ರಿಜಿಸ್ಟರ್‌ಗೆ ಕಾಣಲಿಲ್ಲವೇ ಎಂದರು. ಎಚ್ಚರಿಕೆ ಪತ್ರ ಇಬ್ಬರಿಗೂ ಬಂತು. ಸದಾನಂದ ಕೆಲಸದಲ್ಲಿ ಉಳಿದ. ಕಿವಿಹಣ್ಣು ಆ ದಿನವೇ ಜ್ಯೂಸ್ ಅಂಗಡಿಗಳ ಪಾಲಾಯಿತು.

ಮರುದಿನ ಊಟದಲ್ಲಿ ಹಲಸು ಬಡಿಸಿದರು. ಚಳಿಗೆ ತೊಳೆಗಳು ಕಂದಿ, ರುಚಿಯೇ ಇರಲಿಲ್ಲ. ಬಡಿಸುತ್ತಿದ್ದ ಸದಾನಂದ ನನ್ನ ಎಲೆಯ ಮುಂದೆ ತಲೆಯೆತ್ತಲಿಲ್ಲ. ಎರಡು ತೊಳೆ ತಿಂದೆ.

ಶನಿವಾರ ರಿಜಿಸ್ಟರ್‌ಗೆ ಹೊಸ ಕಾಲಂ ಎಳೆದೆ: 'ಸರಕಲ್ಲದ್ದು'. ನಿಯಮ ಮಾಡುವವನು ಅದು ಯಾವುದನ್ನು ಮರೆಮಾಡುತ್ತದೆ ಎಂದೂ ನೋಡಬೇಕು. ಮೂವತ್ತು ವರ್ಷದ ಕೆಲಸದಲ್ಲಿ ನಾನು ಕೊನೆಗೆ ಕಲಿತದ್ದು ಇದನ್ನು. ಸಂಜೆ ನೋಡಿದರೆ ಹೊಸ ಕಾಲಂನಲ್ಲಿ ಮೊದಲ ನಮೂದು ಬಂದಿತ್ತು: 'ನೀರಿನ ಬಾಟಲಿ, ಒಂದು. ಸದಾನಂದ.'