ನೆಂಟರ ಪೊಟ್ಟಣ ಬೇಡವೆಂದ ಬಸಿಲಿಯಾ

ಬೆಳಕು ಹರಿಯುತ್ತಿದೆ. ಕಪಿಯಾಟಾ ಊರಿನ ಕೆಮ್ಮಣ್ಣಿನ ಬೀದಿಯಲ್ಲಿ ಬಸಿಲಿಯಾ ಓವೆಲಾರ್ ಒಂದು ಗೇಟಿನ ಮುಂದೆ ನಿಂತು ಮನೆಯವರನ್ನು ಕರೆಯಲು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಬಾಗಿಲು ಬಡಿಯುವವರು ಪೊಲೀಸರು ಮಾತ್ರ. ನಾಯಿ ಬೊಗಳುತ್ತದೆ, ಅದರ ಹಿಂದೆಯೇ ಮನೆಯೊಡತಿ, ಮುದುಕಿ ಡಿಯೊನಿಸಿಯಾ ಬರುತ್ತಾರೆ.

"ಏನು ಮಾರೋಕೆ ಬಂದೆ?"

"ಏನೂ ಇಲ್ಲಮ್ಮಾ. ನೀವೇನು ಕೊಳ್ತೀರಿ ಅಂತ ಕೇಳೋಕೆ ಬಂದೆ."

"ಹಾಗಾದ್ರೆ ಬದುಕ್ಕೊಂಡೆ. ಮಾರೋರನ್ನ ಕಂಡ್ರೆ ನಮ್ಮ ನಾಯಿಗಾಗಲ್ಲ. ಕೂತ್ಕೊ."

ಮುದುಕಿ ಸೋರೆಬುರುಡೆಯ ಲೋಟಕ್ಕೆ ತುಂಬಲು, ಚಹಾದಂತೆ ನೆನೆಸಿ ಕುಡಿಯುವ ಯೆರ್ಬಾ ಸೊಪ್ಪಿನ ದುಬಾರಿ ಪೊಟ್ಟಣಕ್ಕೆ ಕೈ ಹಾಕುತ್ತಾರೆ. ಬಸಿಲಿಯಾ ತಡೆಯುತ್ತಾರೆ. "ಅದು ನೆಂಟರದ್ದು. ನಿನ್ನೆ ನೀವೊಬ್ರೇ ಕೂತು ಕುಡಿದ್ರಲ್ಲ, ಅದೇ ಕೊಡಿ."

"ನಾಚಿಕೆಗೆಟ್ಟವಳೇ," ಎಂದು ನಗುತ್ತಾ ಆಕೆ ಒಳಗಿನಿಂದ ಅಗ್ಗದ ಬಿಡಿ ಯೆರ್ಬಾದ ಡಬ್ಬಿ ತರುತ್ತಾರೆ.

ಬಸಿಲಿಯಾಗೆ ಐವತ್ತು ದಾಟಿದೆ. ಗಂಡ ಅರ್ಜೆಂಟೀನಾಕ್ಕೆ ಹೋದವನು ತಿರುಗಿ ನೋಡಲಿಲ್ಲ. ಜನ ಯಾವ ಸೋಪು, ಯಾವ ಎಣ್ಣೆ ಕೊಳ್ಳುತ್ತಾರೆಂದು ಮನೆಮನೆಗೆ ಹೋಗಿ ಕೇಳಿಯೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಾರೆ. ದಿನಕ್ಕೆ ಹದಿನೈದು ಮನೆ. ಬಿಸಿಲು ಏರಿದರೆ ತಲೆ ಸುತ್ತು. ಮೀನಖಂಡದಲ್ಲಿ ನಾಯಿ ಕಚ್ಚಿದ ಗುರುತು. ತಣ್ಣನೆಯ ಕೋಣೆಯಲ್ಲಿ ಕೂತು ಅಂಕಿ ಓದುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಕಾಣಬೇಕು.

ಈ ವರ್ಷ ಆಕೆಯ ಸಮೀಕ್ಷಾ ಕಂಪನಿ ಒಂದೇ ಪ್ರಶ್ನೆಗಳನ್ನು ಫೋನಿನಲ್ಲೂ ಕೇಳಿಸಿತು, ಮನೆಬಾಗಿಲಲ್ಲೂ ಕೇಳಿಸಿತು. ಯಾವುದು ಸರಿಯೋ ಅದನ್ನು ಉಳಿಸಿಕೊಂಡು ಇನ್ನೊಂದನ್ನು ನಿಲ್ಲಿಸುವ ಯೋಚನೆ. ಮನೆಬಾಗಿಲಲ್ಲಿ ಹೆಚ್ಚಿನವರು ದುಬಾರಿ ಯೆರ್ಬಾದ ಹೆಸರು ಹೇಳಿದರು. ಫೋನಿನಲ್ಲಿ ಬಿಡಿ ಯೆರ್ಬಾ ಎಂದರು. "ಫೋನಿನಲ್ಲಿ ಬಾಯಿಗೆ ಬಂದದ್ದು ಹೇಳಿದ್ದಾರೆ," ಎಂದುಬಿಟ್ಟರು ಮೇಲ್ವಿಚಾರಕ ರೊಲಾಂಡೊ.

ಬಸಿಲಿಯಾ ಸುಮ್ಮನಿದ್ದಿದ್ದರೆ ಕೆಲಸ ಭದ್ರವಾಗುತ್ತಿತ್ತು. ಸುಮ್ಮನಿರಲಿಲ್ಲ. "ಸುಳ್ಳು ನಮ್ಮ ಕಡೇದೇ, ಸಾರ್. ನಾವು ಹೋದ್ರೆ ಒಳ್ಳೇ ಪೊಟ್ಟಣ ಹೊರಗೆ ಬರುತ್ತೆ. ನೆಂಟರ ಮುಂದೆ ಯಾರಾದ್ರೂ ಬಿಡಿ ಸೊಪ್ಪು ಅಂತಾರಾ? ಇಷ್ಟು ವರ್ಷ ನನಗೂ ಹೊಳೀಲಿಲ್ಲ."

ಜೊತೆಗಾರ್ತಿ ಸಬಿನಾ ಹೊರಗೆ ಬಂದು ಬೈದಳು. "ನಿನ್ನ ಬಾಯಿಗಿಷ್ಟು ಮಣ್ಣು ಹಾಕ. ನಮ್ಮೆಲ್ಲರ ಅನ್ನಕ್ಕೂ ಕಲ್ಲು ಹಾಕಿದೆ."

ಆದರೆ ಫೋನಿಗೂ ಒಂದು ಕೊರತೆ ಇತ್ತು. ಡಿಯೊನಿಸಿಯಾರಂಥವರು ಗುರುತಿಲ್ಲದ ಕರೆ ಎತ್ತುವುದೇ ಇಲ್ಲ. ಅಂಥ ಮನೆಗಳಿಗೆ ಪ್ರಶ್ನೆ ಬದಲಿಸಿಕೊಂಡು ಹೋಗಿ, ನಿನ್ನೆ ಒಬ್ಬರೇ ಇದ್ದಾಗ ಏನು ಕುಡಿದಿರಿ ಎಂದು ಕೇಳುತ್ತೇನೆಂದು ಬಸಿಲಿಯಾ ಒಂದು ಸುತ್ತಿನ ಅವಕಾಶ ಬೇಡಿಕೊಂಡರು. ಈಗ ನಡೆದಿರುವುದು ಅದೇ ಸುತ್ತು. ಈವರೆಗೆ ಬಂದ ಉತ್ತರ ಫೋನಿನ ಉತ್ತರಕ್ಕೆ ಹತ್ತಿರವಿದೆ. ಎರಡನ್ನೂ ಜೊತೆಗೆ ನಡೆಸೋಣ ಎಂದು ರೊಲಾಂಡೊ ಮೊನ್ನೆ ಹೇಳಿದ್ದಾರೆ. ಮಾತು ಬಿಟ್ಟಿದ್ದ ಸಬಿನಾ ಮತ್ತೆ ಮಾತಾಡುತ್ತಿದ್ದಾಳೆ.

ನಿಮಗೇನು ಆಸೆ ಎಂದು ಕೇಳಿದರೆ ಬಸಿಲಿಯಾ ಬೆವರು ಒರೆಸಿಕೊಳ್ಳುತ್ತಾರೆ. "ನಮ್ಮ ಬೀದಿಗೂ ಯಾರಾದ್ರೂ ಬರಲಿ. ನೀನೇನಮ್ಮಾ ಕುಡಿಯೋದು ಅಂತ ನನ್ನನ್ನ ಒಬ್ಬರೂ ಕೇಳಿಲ್ಲ. ಕೇಳಿದ್ರೆ ನಿಜಾನೇ ಹೇಳ್ತೀನಿ."